ಕಾಗದದ ಹೂವು ಯಾರಿಗೆಂಬುದನ್ನು ಮೊದಲು ಹೇಳಿ

ಮಾನ್ಯ ಸಂಪಾದಕರೇ,

ತಮ್ಮ ಪತ್ರಿಕೆಯ ಭಾನುವಾರದ ಪುರವಣಿಯ ಮಕ್ಕಳ ಪುಟದಲ್ಲಿ ಈಚೆಗೆ ಅಚ್ಚಾದ, ಮೆಕ್ಸಿಕೋ ದೇಶದವರು ಮೃತರ ದಿನಕ್ಕೆಂದು ಮಾಡುವ ಕಾಗದದ ಹೂವುಗಳ ಬಗೆಗಿನ ಬರಹವನ್ನು ಕತ್ತರಿಸಿ ಎದುರಿಗಿಟ್ಟುಕೊಂಡು ಈ ಪತ್ರ ಬರೆಯುತ್ತಿದ್ದೇನೆ. ಮೂವತ್ತೊಂದು ವರ್ಷ ಪ್ರೌಢಶಾಲೆಯಲ್ಲಿ ಹೊಲಿಗೆ ಮತ್ತು ಕರಕುಶಲ ಕಲಿಸಿ ನಿವೃತ್ತಳಾದ ನನಗೆ, ಕೈಕೆಲಸದ ವಿಷಯಕ್ಕೆ ಪತ್ರಿಕೆಯಲ್ಲಿ ಕಾಲು ಪುಟ ಸಿಕ್ಕಿತೆಂದರೆ ಸಂತೋಷವೇ ಆಗುತ್ತದೆ, ಆಗಿದೆ ಕೂಡ. ಆದರೆ ಆ ಬರಹದಲ್ಲಿ ಹೂವು ಮಾಡುವ ಕ್ರಮ ತಪ್ಪಾಗಿದೆ, ಆಚರಣೆಯ ಹೆಸರೂ ತಪ್ಪಾಗಿದೆ, ಎಲ್ಲಕ್ಕಿಂತ ಮುಖ್ಯವಾಗಿ ಆ ಹೂವನ್ನು ಯಾರಿಗೆ ಮಾಡಬೇಕು ಎಂಬ ಮಾತೇ ಬಿಟ್ಟುಹೋಗಿದೆ. ಹೀಗೆ ಬಿಟ್ಟುಹೋದದ್ದರಿಂದ ಏನಾಗುತ್ತದೆ ಎಂಬುದನ್ನು ನಾನು ಕಣ್ಣಾರೆ ಕಂಡೆನಾದ್ದರಿಂದ, ನವೆಂಬರ್ ತಿಂಗಳ ಮೊದಲ ದಿನಗಳು ಬರುವುದರೊಳಗೆ ತಿದ್ದುಪಡಿಗೆ ಅವಕಾಶ ಕೊಡಬೇಕೆಂದು ಕೇಳಿಕೊಳ್ಳುತ್ತೇನೆ.

ತಮ್ಮ ಬರಹವನ್ನೇ ಕೈಪಿಡಿಯಾಗಿ ಇಟ್ಟುಕೊಂಡು ನಮ್ಮ ಕರಾವಳಿಯ ಶಾಲೆಯೊಂದರಲ್ಲಿ ಹೂವು ಮಾಡುವ ಸ್ಪರ್ಧೆ ಏರ್ಪಟ್ಟಿತ್ತು, ತೀರ್ಪುಗಾರ್ತಿಯಾಗಿ ನನ್ನನ್ನು ಕರೆದಿದ್ದರು. ವೇದಿಕೆಯ ಹಿಂದೆ ಕಪ್ಪು ಬಟ್ಟೆ, ಅದರ ಮೇಲೆ ರಟ್ಟಿನ ತಲೆಬುರುಡೆಗಳು, ಎರಡು ಬದಿಗೂ ಜೇಡರ ಬಲೆಯಂತೆ ಎಳೆದ ಬಿಳಿ ಹತ್ತಿ. ಆರನೆಯ ಮತ್ತು ಏಳನೆಯ ತರಗತಿಯ ಸುಮಾರು ಐವತ್ತು ಮಕ್ಕಳು ನೆಲದ ಮೇಲೆ ಸಾಲಾಗಿ ಕುಳಿತು ಕತ್ತರಿ, ಅಂಟು, ಕಿತ್ತಳೆ ಬಣ್ಣದ ಕಾಗದಗಳೊಂದಿಗೆ ಹೆಣಗುತ್ತಿದ್ದರು. ಅಚ್ಚುಕಟ್ಟಿಗೆ ಹತ್ತು, ಬಣ್ಣದ ಹೊಂದಾಣಿಕೆಗೆ ಹತ್ತು, ಸಮಯಕ್ಕೆ ಐದು ಎಂದು ಅಂಕಗಳ ಪಟ್ಟಿಯೊಂದನ್ನು ನನ್ನ ಕೈಗೆ ಕೊಟ್ಟಿದ್ದರು. ಮೂಲೆಯಲ್ಲಿ ಕುಳಿತಿದ್ದ ಹುಡುಗಿಯೊಬ್ಬಳ ಹೂವು ಒಂದು ಮಗ್ಗುಲಿಗೆ ವಾಲಿತ್ತು. ಎಡಬದಿಯ ಎಸಳುಗಳು ಬಿಡಿಸುವಾಗ ಹರಿದುಹೋಗಿ ಆ ಕಡೆ ಅರ್ಧಚಂದ್ರದಷ್ಟು ಬೋಳಾಗಿತ್ತು. ಅಚ್ಚುಕಟ್ಟಿಗೆ ನಾಲ್ಕು ಅಂಕ ಬರೆದು ನಾನು ಮುಂದಕ್ಕೆ ಹೋದೆ. ಎಲ್ಲ ಮುಗಿದ ಮೇಲೆ ಆ ಹುಡುಗಿ ನನ್ನ ಬಳಿ ಬಂದು, "ಅಕ್ಕೋರೇ, ಇದ್ನ ಮನೆಗೆ ತಕಂಡ್ ಹೋಗ್ಲಾ? ನಮ್ಮ ಅಮ್ಮಮ್ಮ ಹೋದ್ ತಿಂಗ್ಳು ತೀರ್ಕಂಡ್ರು" ಎಂದು ಕೇಳಿದಳು. ನಾನು ಉತ್ತರ ಹೇಳುವ ಮೊದಲೇ ಸಂಘಟಕರೊಬ್ಬರು, ಪ್ರದರ್ಶನ ಮುಗಿಯುವ ತನಕ ಯಾವ ಹೂವೂ ಹೊರಗೆ ಹೋಗುವಂತಿಲ್ಲ ಎಂದುಬಿಟ್ಟರು. ಹುಡುಗಿ ಹೂವನ್ನು ಮೇಜಿನ ಮೇಲಿಟ್ಟು ಹೋದಳು. ಐವತ್ತು ಹೂವುಗಳ ಪೈಕಿ ಮೆಕ್ಸಿಕೋದವರು ನೋಡಿದರೆ ತಮ್ಮದೆಂದು ಗುರುತಿಸಬಹುದಾಗಿದ್ದ ಹೂವು ಅದೊಂದೇ ಆಗಿತ್ತು, ಅದಕ್ಕೆ ನಾಲ್ಕು ಅಂಕ ಕೊಟ್ಟವಳು ನಾನೇ.

ಈ ಕಾರಣಕ್ಕೆ ಮೊದಲು ಹೆಸರಿನ ವಿಚಾರ. ತಮ್ಮ ಬರಹ ಈ ದಿನವನ್ನು 'ಮೆಕ್ಸಿಕೋದ ಹ್ಯಾಲೋವೀನ್' ಎಂದು ಕರೆದಿದೆ. ಹ್ಯಾಲೋವೀನ್ ಎಂದರೆ ಪಾಶ್ಚಾತ್ಯರು ಅಕ್ಟೋಬರ್ 31ರಂದು ಭೂತದ ವೇಷ ಹಾಕಿ ಆಚರಿಸುವ ದಿನ. ಎರಡೂ ಕ್ಯಾಲೆಂಡರಿನಲ್ಲಿ ಒಂದರ ಪಕ್ಕ ಒಂದು ಬರುತ್ತವೆ ಎಂಬುದು ನಿಜ, ಸಾಮ್ಯ ಬಹುಮಟ್ಟಿಗೆ ಅಲ್ಲಿಗೇ ಮುಗಿಯುತ್ತದೆ. ಹ್ಯಾಲೋವೀನ್‌ನಲ್ಲಿ ಸತ್ತವರು ಹೆದರಿಸಲು ಬರುತ್ತಾರೆ. ಮೆಕ್ಸಿಕೋದ 'ದಿಯಾ ದೆ ಲೋಸ್ ಮುಯೆರ್ತೋಸ್', ಅಂದರೆ ಮೃತರ ದಿನದಂದು, ಅವರು ಮನೆಗೆ ಊಟಕ್ಕೆ ಬರುತ್ತಾರೆ. ಸಾಮಾನ್ಯವಾಗಿ ನವೆಂಬರ್ 1ರಂದು ತೀರಿಹೋದ ಮಕ್ಕಳನ್ನೂ 2ರಂದು ದೊಡ್ಡವರನ್ನೂ ಬರಮಾಡಿಕೊಳ್ಳುವ ರೂಢಿ ಅಲ್ಲಿದೆ. ಮನೆಯ ಒಂದು ಮೂಲೆಯಲ್ಲಿ ಮೇಜು ಅಥವಾ ಮೆಟ್ಟಿಲಿನಂತಹ ಪೀಠ ಹೂಡಿ, ಅದರ ಮೇಲೆ ತೀರಿಕೊಂಡವರ ಭಾವಚಿತ್ರ, ದೂರದಿಂದ ನಡೆದು ಬಂದವರಿಗೆ ಬಾಯಾರಿಕೆ ಎಂದು ಒಂದು ಲೋಟ ನೀರು, ಉಪ್ಪು, ಮೇಣದ ಬತ್ತಿ, ಕೋಪಲ್ ಎಂಬ ಮರದ ಅಂಟಿನ ಧೂಪ, ಆ ದಿನಕ್ಕೆಂದೇ ಸುಡುವ ಸಿಹಿ ರೊಟ್ಟಿ, ಮತ್ತು ಅವರು ಬದುಕಿದ್ದಾಗ ಇಷ್ಟಪಟ್ಟು ತಿನ್ನುತ್ತಿದ್ದ ತಿಂಡಿಗಳನ್ನು ಇಡುತ್ತಾರೆ. ಇದಕ್ಕೆ 'ಓಫ್ರೆಂದಾ' ಎಂದು ಹೆಸರು. ಮಹಾಲಯ ಪಕ್ಷದಲ್ಲಿ ಬಾಳೆ ಎಲೆಯ ಮೇಲೆ ಎಡೆ ಹಾಕಿ, ಅಪ್ಪನಿಗೆ ಇಷ್ಟವೆಂದು ವಡೆಯನ್ನೋ ಪಾಯಸವನ್ನೋ ಮರೆಯದೆ ಬಡಿಸಿ, ಹಿತ್ತಲಿನಲ್ಲಿ ಕಾಗೆ ಬರುವುದನ್ನು ಕಾಯುತ್ತ ನಿಲ್ಲುವ ನಮಗೆ ಇದನ್ನು ಅರ್ಥಮಾಡಿಸಲು ಹ್ಯಾಲೋವೀನ್‌ನ ನೆರವು ಬೇಕಿರಲಿಲ್ಲ. ಮೆಕ್ಸಿಕೋದ ಮೂಲನಿವಾಸಿಗಳು ಮೃತರಿಗೆಂದು ನಡೆಸುತ್ತಿದ್ದ ಆಚರಣೆಗಳೂ, 16ನೆಯ ಶತಮಾನದಲ್ಲಿ ಸ್ಪೇನಿನವರು ತಂದ ಕ್ಯಾಥೊಲಿಕ್ ಧರ್ಮದ ಸಕಲ ಸಂತರ ಮತ್ತು ಸಕಲ ಮೃತರ ದಿನಗಳೂ ಬೆರೆತು ಇಂದಿನ ರೂಪ ಬಂದಿದೆ. ಯುನೆಸ್ಕೊ ಇದನ್ನು 2003ರಲ್ಲಿ ಮಾನವಕುಲದ ಪರಂಪರೆಯೆಂದು ಘೋಷಿಸಿ, 2008ರಲ್ಲಿ ತನ್ನ ಪ್ರಾತಿನಿಧಿಕ ಪಟ್ಟಿಗೆ ಸೇರಿಸಿದೆ.

ತಲೆಬುರುಡೆಗಳ ಬಗ್ಗೆ ಒಂದೇ ಮಾತು. ಅವು ಆ ಹಬ್ಬದಲ್ಲಿ ಇಲ್ಲವೆಂದಲ್ಲ; ಸಕ್ಕರೆಯಲ್ಲಿ ಮಾಡಿದ ಬುರುಡೆಯ ಹಣೆಯ ಮೇಲೆ ಹೆಸರು ಬರೆದು ಮಕ್ಕಳ ಕೈಗೆ ಕೊಡುತ್ತಾರೆ. ಹೂವಿನ ಟೋಪಿ ಧರಿಸಿದ ಪ್ರಸಿದ್ಧ ಅಸ್ಥಿಪಂಜರದ ಹೆಂಗಸು, ಹೊಸೆ ಗ್ವಾದಲೂಪೆ ಪೊಸಾದಾ ಎಂಬ ಅಚ್ಚುಚಿತ್ರ ಕಲಾವಿದ 1913ರಲ್ಲಿ ತೀರಿಕೊಳ್ಳುವುದಕ್ಕೆ ಕೆಲವೇ ವರ್ಷ ಮೊದಲು ಸಿರಿವಂತರಂತೆ ತೋರಿಸಿಕೊಳ್ಳುವವರ ಒಣ ಬಿಂಕವನ್ನು ಗೇಲಿ ಮಾಡಲು ಕೆತ್ತಿದ ಚಿತ್ರ; ಮುಂದೆ ಚಿತ್ರಕಾರ ದಿಯೇಗೊ ರಿವೇರಾ ತನ್ನ ಭಿತ್ತಿಚಿತ್ರದಲ್ಲಿ ಅವಳಿಗೆ ನಿಲುವಂಗಿ ತೊಡಿಸಿದ. ಅದು ನಗುವುದಕ್ಕೆ ಮಾಡಿದ್ದು, ಹೆದರುವುದಕ್ಕಲ್ಲ. ಬರಹದ ಜೊತೆಗೆ ಅಚ್ಚಾಗಿದ್ದ, ಮುಖಕ್ಕೆ ಬಣ್ಣ ಬಳಿದುಕೊಂಡು ರಾಜಧಾನಿಯ ರಸ್ತೆಯಲ್ಲಿ ಸಾಗುವ ಜನರ ದೊಡ್ಡ ಮೆರವಣಿಗೆಯಂತೂ ಪುರಾತನವೇನಲ್ಲ. 2015ರಲ್ಲಿ ಬಂದ ಜೇಮ್ಸ್ ಬಾಂಡ್ ಸಿನಿಮಾವೊಂದು ಅಂಥ ಮೆರವಣಿಗೆಯನ್ನು ಕಲ್ಪಿಸಿಕೊಂಡು ತೋರಿಸಿತು, ಮರುವರ್ಷ ಮೆಕ್ಸಿಕೋ ನಗರ ಅದನ್ನು ನಿಜವಾಗಿ ನಡೆಸಲು ಶುರುಮಾಡಿತು. ಹಳೆಯದು ಮನೆಯೊಳಗಿನ ಪೀಠ ಮತ್ತು ಸಮಾಧಿಯ ಬಳಿಯ ಜಾಗರಣೆ. ನಾವು ಮಕ್ಕಳಿಗೆ ಕಲಿಸಹೊರಟಿರುವ ಹೂವು ಆ ಪೀಠಕ್ಕೆ ಸೇರಿದ್ದು.

ಈಗ ಹೂವಿನ ವಿಷಯಕ್ಕೆ ಬರುತ್ತೇನೆ. ಅಲ್ಲಿ 'ಸೆಂಪಸೂಚಿಲ್' ಎಂದು ಕರೆಯುವ ಆ ಹೂವು ಬೇರೆ ಯಾವುದೂ ಅಲ್ಲ, ನಾವು ಕರಾವಳಿಯಲ್ಲಿ ಗೊಂಡೆ ಎಂದೂ ಘಟ್ಟದ ಮೇಲಿನವರು ಚೆಂಡುಹೂವು ಎಂದೂ ಕರೆಯುವ ಹೂವೇ. ಮೆಕ್ಸಿಕೋದ ಮೂಲನಿವಾಸಿಗಳ ನಹುವಾತಲ್ ಭಾಷೆಯ ಮೂಲ ಹೆಸರಿಗೆ 'ಇಪ್ಪತ್ತು ಹೂವು' ಎಂದು ಅರ್ಥ, ಅಂದರೆ ಎಸಳು ತುಂಬಿದ್ದು ಎಂಬ ಭಾವ. ಬೀಜದ ಪೊಟ್ಟಣದ ಮೇಲೆ 'ಆಫ್ರಿಕನ್ ಮೇರಿಗೋಲ್ಡ್' ಎಂದು ಅಚ್ಚಾಗಿರುವುದನ್ನು ನೋಡಿ ನಾನೂ ಬಹುಕಾಲ ಅದು ಆಫ್ರಿಕಾದ್ದೆಂದೇ ತಿಳಿದಿದ್ದೆ. ಅದರ ತವರು ಮೆಕ್ಸಿಕೋ ಮತ್ತು ಸುತ್ತಲಿನ ಮಧ್ಯ ಅಮೆರಿಕ. ಪೋರ್ಚುಗೀಸರ ಹಡಗುಗಳ ಕಾಲದಲ್ಲಿ ಗೇರು, ಪೇರಲೆ, ಮೆಣಸಿನಕಾಯಿಗಳ ಹಾಗೆ ಇದೂ ನಮ್ಮ ಪಶ್ಚಿಮ ಕರಾವಳಿಗೆ ಬಂದಿತೆಂಬುದು ತಿಳಿದವರ ಅಭಿಪ್ರಾಯ. ಕಾಳಿ ನದಿ ದಾಟಿ ಸ್ವಲ್ಪ ಮುಂದೆ ಹೋದರೆ ಗೋವೆಯ ಗಡಿ ಸಿಗುವ ಕಾರವಾರದವರಿಗೆ ಇದರಲ್ಲಿ ಆಶ್ಚರ್ಯಪಡುವಂಥದ್ದೇನೂ ಇಲ್ಲ. ದಸರೆಗೆ ವಾಹನಕ್ಕೆ, ದೀಪಾವಳಿಗೆ ಬಾಗಿಲಿಗೆ ಕಟ್ಟುವ ಆ ಹೂವು ತನ್ನ ಊರಿನಲ್ಲಿ ಮೃತರಿಗೆ ದಾರಿ ತೋರಿಸುವ ಹೂವು. ಅದರ ಬಣ್ಣವೂ ಕಟುವಾದ ವಾಸನೆಯೂ ಬರುವವರನ್ನು ಕರೆತರುತ್ತವೆಂದು ನಂಬಿ, ಬೀದಿಯಿಂದ ಹೊಸಿಲಿಗೆ, ಹೊಸಿಲಿನಿಂದ ಪೀಠದವರೆಗೆ ಎಸಳುಗಳನ್ನು ಬಿಡಿಸಿ ಹರಡುತ್ತಾರೆ. ಪಕ್ಕದಲ್ಲಿ ನಮ್ಮ ಅಂಗಳದ ಕೋಳಿಜುಟ್ಟು ಹೂವನ್ನೂ ಇಡುತ್ತಾರೆ.

ಹಾಗಾದರೆ ಕಾಗದದ ಹೂವು ಏಕೆ? ಎಲ್ಲ ಊರಿನಲ್ಲಿಯೂ ಎಲ್ಲರಿಗೂ ಬೇಕಾದಷ್ಟು ಹೂವು ಸಿಗುವುದಿಲ್ಲ ಎಂಬುದು ಒಂದು ಉತ್ತರ. ಕಾಗದದ ಹೂವು ಬಾಡದೆ ಆ ಕೆಲವು ದಿನ ನಿಲ್ಲುತ್ತದೆ ಎಂಬುದು ಇನ್ನೊಂದು. ಆದರೆ ಅಲ್ಲಿ ಕಾಗದಕ್ಕೆ ತನ್ನದೇ ಆದ ಸ್ಥಾನವಿದೆ. ಸ್ಪೇನಿನವರು ಬರುವ ಮೊದಲೇ ಆಲ, ಅತ್ತಿಗಳ ಜಾತಿಗೆ ಸೇರಿದ ಮರಗಳ ತೊಗಟೆಯನ್ನು ಬೇಯಿಸಿ ಬಡಿದು 'ಅಮಾತೆ' ಎಂಬ ಕಾಗದ ಮಾಡಿ ದೇವರ ಕೆಲಸಕ್ಕೆ ಬಳಸುತ್ತಿದ್ದರು. ಇಂದು ಹೂವಿಗೆ ಬಳಸುವ ತೆಳು ಬಣ್ಣದ ಕಾಗದವನ್ನು 'ಪಪೇಲ್ ದೆ ಚೀನಾ', ಚೀನಾ ಕಾಗದ, ಎಂದು ಕರೆಯುತ್ತಾರೆ. 1565ರಿಂದ 1815ರವರೆಗೆ ಫಿಲಿಪ್ಪೀನ್ಸ್‌ನ ಮನಿಲಾ ಮತ್ತು ಮೆಕ್ಸಿಕೋದ ಅಕಪುಲ್ಕೋ ಬಂದರುಗಳ ನಡುವೆ ಓಡಾಡುತ್ತಿದ್ದ ವ್ಯಾಪಾರಿ ಹಡಗುಗಳ ನೆನಪು ಆ ಹೆಸರಿನಲ್ಲಿದೆ. ಪ್ವೆಬ್ಲಾ ಪ್ರಾಂತ್ಯದ ಸಾನ್ ಸಾಲ್ವದೋರ್ ವಿಶ್ಕೋಲೋತ್ಲಾ ಎಂಬ ಊರಿನ ಕುಶಲಕರ್ಮಿಗಳು ಇದೇ ಕಾಗದದ ಹತ್ತಾರು ಹಾಳೆಗಳನ್ನು ಒಂದರ ಮೇಲೊಂದು ಪೇರಿಸಿ, ಉಳಿ ಮತ್ತು ಸುತ್ತಿಗೆಯಿಂದ ಎಲ್ಲ ಹಾಳೆಗಳಿಗೂ ಒಟ್ಟಿಗೇ ಚಿತ್ತಾರ ಕೊರೆಯುತ್ತಾರೆ. ನನ್ನ ಕಿರಿಯ ಮಗ ಸರಕು ಹಡಗಿನಲ್ಲಿ ಕೆಲಸ ಮಾಡುವವನು. ಹಿಂದೊಮ್ಮೆ ಅಕ್ಟೋಬರ್ ಕೊನೆಗೆ ಅವನ ಹಡಗು ಪೆಸಿಫಿಕ್ ದಂಡೆಯ ಮಾನ್ಸಾನಿಯೊ ಬಂದರಿನಲ್ಲಿ ನಿಂತಾಗ ಪೇಟೆಯಿಂದ ಅಂಥ ಹಾಳೆಗಳನ್ನೂ ಒಂದು ಕಾಗದದ ಗೊಂಡೆ ಹೂವನ್ನೂ ನನಗಾಗಿ ತಂದಿದ್ದ. ಸೂಟ್‌ಕೇಸಿನಲ್ಲಿ ಚಪ್ಪಟೆಯಾಗಿ ಬಂದ ಆ ಹೂವನ್ನು ಮೇಜಿನ ಮೇಲಿಟ್ಟು ಒಂದೊಂದೇ ಎಸಳು ಬಿಚ್ಚಿ, ಮತ್ತೆ ಮಡಿಸಿ, ಹೇಗೆ ಮಾಡಿದ್ದಾರೆಂದು ಕಲಿತುಕೊಂಡೆ. ಕೆಳಗೆ ತಿದ್ದುವ ಧೈರ್ಯ ನನಗೆ ಬಂದದ್ದು ಅಲ್ಲಿಂದ.

ತಮ್ಮ ಬರಹ ಫೋಮ್ ಶೀಟ್ ಅಥವಾ ಮಿನುಗು ಕಾಗದ ಬಳಸಿ, ಎಸಳುಗಳನ್ನು ಬೇರೆ ಬೇರೆಯಾಗಿ ಕತ್ತರಿಸಿ ಅಂಟಿಸಿ ಎಂದು ಹೇಳಿದೆ. ಹಾಗೆ ಮಾಡಿದರೆ ಆಗುವುದು ಬಿಲ್ಲೆ, ಹೂವಲ್ಲ. ಈ ಹೂವಿಗೆ ಅಂಟು ಬೇಕಾಗಿಯೇ ಇಲ್ಲ. ಗಾಳಿಪಟಕ್ಕೆ ಬಳಸುವಂಥ, ಬೆಳಕಿಗೆ ಹಿಡಿದರೆ ಬೆರಳು ಕಾಣುವಷ್ಟು ತೆಳುವಾದ ಬಣ್ಣದ ಕಾಗದ ಬೇಕು. ಪುಸ್ತಕದ ಅಂಗಡಿಯಲ್ಲಿ ಟಿಶ್ಯೂ ಪೇಪರ್ ಎಂದರೆ ಕೊಡುತ್ತಾರೆ. ಜಿಲೇಟಿನ್ ಕಾಗದ ಬೇಡ, ಅದು ಮಡಿಸಿದಲ್ಲಿ ನಿಲ್ಲುವುದಿಲ್ಲ. 50 ಸೆಂ.ಮೀ. ಅಗಲ, 75 ಸೆಂ.ಮೀ. ಉದ್ದದ ಒಂದು ಹಾಳೆಯಿಂದ 25 ಸೆಂ.ಮೀ.ನ ಆರು ಚೌಕಗಳು ಸಿಗುತ್ತವೆ. ಒಂದು ಹೂವಿಗೆ ಎಂಟು ಚೌಕಗಳು ಬೇಕು, ಆದ್ದರಿಂದ ನಾಲ್ಕು ಹಾಳೆಗೆ ಮೂರು ಹೂವು ಎಂದು ಲೆಕ್ಕ ಇಟ್ಟುಕೊಳ್ಳಬಹುದು. ಕೆಳಗಿನ ಐದು ಚೌಕ ಕಿತ್ತಳೆ, ಮೇಲಿನ ಮೂರು ಹಳದಿ ಇಟ್ಟರೆ ಗೊಂಡೆಯ ನಡುವಿನ ಬಣ್ಣ ತಾನಾಗಿ ಬರುತ್ತದೆ.

ಎಂಟು ಚೌಕಗಳನ್ನೂ ಅಂಚಿಗೆ ಅಂಚು ಕೂಡಿಸಿ, ಒಟ್ಟಿಗೆ ಹಿಡಿದು, ಸೀರೆಗೆ ನೆರಿಗೆ ಹಿಡಿಯುವ ಹಾಗೆ ಎರಡು ಸೆಂಟಿಮೀಟರ್ ಅಗಲದಲ್ಲಿ ಒಮ್ಮೆ ಮುಂದಕ್ಕೆ, ಒಮ್ಮೆ ಹಿಂದಕ್ಕೆ ಮಡಿಸುತ್ತ ಹೋಗಬೇಕು. ಮಡಿಕೆ ಮುಗಿದಾಗ ಕೈಯಲ್ಲಿ ಒಂದು ಪಟ್ಟಿ ಉಳಿಯುತ್ತದೆ. ಅದರ ಸರಿ ನಡುವಿಗೆ ಬಿಗಿಯಾಗಿ ಕಟ್ಟಬೇಕು. ಹೊರದೇಶದವರು ತಂತಿ ಬಳಸುತ್ತಾರೆ. ನಾನು ಹೂಮಾಲೆ ಕಟ್ಟುವ ಬಾಳೆನಾರನ್ನೇ ನೆನೆಸಿ ಕಟ್ಟುತ್ತೇನೆ, ಒಣಗಿದಂತೆ ಅದು ಬಿಗಿಯುತ್ತದೆ, ಆಮೇಲೆ ಎಸೆದರೆ ಮಣ್ಣಾಗುತ್ತದೆ. ಕಟ್ಟಿದ ನಂತರ, ಪಟ್ಟಿ ಇನ್ನೂ ಮುಚ್ಚಿಕೊಂಡಿರುವಾಗಲೇ, ಎರಡೂ ತುದಿಗಳನ್ನು ಕತ್ತರಿಸಬೇಕು: ದುಂಡಾಗಿ ಕತ್ತರಿಸಿದರೆ ಗುಲಾಬಿಯಂತೆ, ಹಲ್ಲು ಹಲ್ಲಾಗಿ ಕತ್ತರಿಸಿದರೆ ಗೊಂಡೆಯಂತೆ ಕಾಣುತ್ತದೆ. ಬಿಡಿಸಿದ ಮೇಲೆ ಕತ್ತರಿಸಬಾರದು. ಹಾಗೆ ಮಾಡಿದರೆ ಒಂದೊಂದು ಎಸಳಿನ ತುದಿಯೂ ಒಂದೊಂದು ತೆರನಾಗಿ, ಇಲಿ ಕಡಿದಂತಾಗುತ್ತದೆ. ಕತ್ತರಿಸಿದ ಮೇಲೆ ಎರಡು ಬದಿಗಳನ್ನೂ ಬೀಸಣಿಗೆಯ ಹಾಗೆ ತೆರೆದು, ಎಲ್ಲಕ್ಕಿಂತ ಮೇಲಿನ ಹಾಳೆಯನ್ನು ಬುಡದ ತನಕ ಬೆರಳು ಹಾಕಿ ನಿಧಾನವಾಗಿ ನಡುವಿಗೆ ಎತ್ತಬೇಕು. ಬಲದಿಂದ ಒಂದು, ಎಡದಿಂದ ಒಂದು, ಹೀಗೆ ಕೆಳಗಿನ ಹಾಳೆಯವರೆಗೆ.

ಹುಡುಗಿಯ ಹೂವು ಹರಿದದ್ದು ಇಲ್ಲಿಯೇ. ಎತ್ತುವಾಗ ತುದಿಯನ್ನು ಹಿಡಿದು ಎಳೆದರೆ ಹರಿಯುತ್ತದೆ, ಬುಡದಿಂದ ದೂಡಿದರೆ ಬರುತ್ತದೆ. ಜೊತೆಗೆ ನಮ್ಮ ಕಡಲಂಚಿನ ಸೆಕೆಯಲ್ಲಿ ಬೆರಳು ಯಾವಾಗಲೂ ಒದ್ದೆ. ಮುಖಕ್ಕೆ ಹಚ್ಚುವ ಪೌಡರನ್ನು ಬೆರಳ ತುದಿಗೆ ಚೂರು ಸವರಿಕೊಂಡರೆ ಕಾಗದ ಅಂಟಿಕೊಳ್ಳುವುದಿಲ್ಲ. ಈ ಮಾತನ್ನು ಅಂಕ ಹಾಕುವ ಬದಲು ಆಕೆಗೆ ಹೇಳಿಕೊಡಬಹುದಾಗಿತ್ತು. ಮೂವತ್ತೊಂದು ವರ್ಷ ಕಲಿಸಿದವಳಿಗೆ ತೀರ್ಪುಗಾರ್ತಿಯ ಕುರ್ಚಿ ಸಿಕ್ಕ ಕೂಡಲೇ ಕಲಿಸುವುದು ಮರೆತುಹೋಯಿತು.

ಮಳೆಯ ವಿಷಯವನ್ನೂ ಹೇಳಬೇಕು, ಏಕೆಂದರೆ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುವ ಈ ಊರಿನಲ್ಲಿ ಅಕ್ಟೋಬರ್ ಮುಗಿದರೂ ಸಂಜೆಯ ಗುಡುಗು ಮಳೆಯನ್ನು ನಂಬುವಂತಿಲ್ಲ. ತೆಳು ಕಾಗದದ ಬಣ್ಣ ನೀರು ತಾಗಿದರೆ ಇಳಿಯುತ್ತದೆ; ಬಿಳಿ ಕಲ್ಲಿನ ಮೇಲಿಟ್ಟರೆ ಕಿತ್ತಳೆ ಕಲೆ ಉಳಿಯುತ್ತದೆ. ಮೆಕ್ಸಿಕೋದ ಕೆಲವೆಡೆ ಸಮಾಧಿಗೆ ಒಯ್ಯುವ ಕಾಗದದ ಹೂವುಗಳನ್ನು ಕರಗಿಸಿದ ಮೇಣದಲ್ಲಿ ಅದ್ದಿ ತೆಗೆಯುವ ಪದ್ಧತಿ ಇದೆ. ಬಿಸಿನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆಯಿಟ್ಟು ಅದರಲ್ಲಿ ಮೇಣ ಕರಗಿಸಿ, ಹೂವನ್ನು ತಲೆಕೆಳಗಾಗಿ ಒಮ್ಮೆ ಅದ್ದಿ ಕೊಡವಿದರೆ ಸಾಕು. ಈ ಕೆಲಸ ದೊಡ್ಡವರದೇ ಆಗಬೇಕು, ಮಕ್ಕಳಿಗೆ ಕೊಡಬಾರದು. ಮೇಣ ಹಚ್ಚಿದ ಹೂವನ್ನು ದೀಪದ ಹತ್ತಿರ ಇಡಲೂಬಾರದು, ಬತ್ತಿಯಂತೆ ಹೊತ್ತಿಕೊಳ್ಳುತ್ತದೆ. ಮನೆಯೊಳಗಿನ ಹೂವಿಗೆ ಮೇಣದ ಅಗತ್ಯವೇ ಇಲ್ಲ.

'ನಮಗೇಕೆ ಬೇಕು ಈ ಹೊರದೇಶದ ಹೂವು' ಎಂದು ಕೇಳುವವರು ಇದ್ದಾರೆ, ಸ್ಪರ್ಧೆಯ ದಿನ ಪೋಷಕರೊಬ್ಬರು ನನ್ನನ್ನೇ ಕೇಳಿದರು. ಶಿರಸಿ, ಸಿದ್ದಾಪುರ, ಕುಮಟಾ, ಹೊನ್ನಾವರಗಳ ಗುಡಿಗಾರರು ಜೌಗಿನಲ್ಲಿ ಬೆಳೆಯುವ ಗಿಡದ ಹಗುರವಾದ ಬೆಂಡನ್ನು ಹಾಳೆಯಂತೆ ಸೀಳಿ, ಮಲ್ಲಿಗೆಯನ್ನೂ ಸೇವಂತಿಗೆಯನ್ನೂ ಮಾಡಿ ಮದುವೆಯ ಬಾಸಿಂಗಕ್ಕೆ ಜೋಡಿಸುವುದನ್ನು ನೋಡಿದ ಜಿಲ್ಲೆ ನಮ್ಮದು. ಹೋಳಿಯ ಹೊತ್ತಿಗೆ ಸುಗ್ಗಿ ಕುಣಿತಕ್ಕೆ ಹೊರಡುವ ಹಾಲಕ್ಕಿ ಒಕ್ಕಲಿಗರ ತಲೆಯ ಮೇಲಿನ ತುರಾಯಿಯಲ್ಲಿ ಬೆಂಡಿನ ಮತ್ತು ಬಣ್ಣದ ಕಾಗದದ ಹೂವುಗಳು ನಲಿಯುತ್ತವೆ. ಕೈಯಿಂದ ಹೂವು ಮಾಡುವುದು ನಮಗೆ ಹೊಸತಲ್ಲ. ಹೊಸತೆಂದರೆ, ಹಾಗೆ ಮಾಡಿದ ಹೂವನ್ನು ತೀರಿಹೋದವರಿಗೆ ಪ್ರತಿವರ್ಷ ಹೊಸದಾಗಿ ಮಾಡುವುದು. ಮದುವೆಗೂ ಕುಣಿತಕ್ಕೂ ಮಾಡುವ ನಾವು ಹಿರಿಯರ ಪಟಕ್ಕೆ ಮಾತ್ರ ಒಮ್ಮೆ ಹಾರ ಹಾಕಿ ಕೈ ತೊಳೆದುಕೊಳ್ಳುತ್ತೇವೆ.

ಮೊದಲು ಗಂಧದ ಚಕ್ಕೆಯ ಹಾರ ಇತ್ತು, ಕೆಲವು ವರ್ಷವಾದರೂ ಅದು ಪರಿಮಳ ಬೀರುತ್ತಿತ್ತು. ಈಗ ಅದರ ಹೆಸರಿನಲ್ಲಿ ಬೇರೆ ಮರದ ಚಕ್ಕೆ ಬರುತ್ತದೆ. ಹೆಚ್ಚಿನ ಮನೆಗಳಲ್ಲಿ ಪ್ಲಾಸ್ಟಿಕ್ ಹಾರ. ಬೇರೆಯವರ ಮನೆಯ ಮಾತೇಕೆ? ನನ್ನ ಯಜಮಾನರ ಪಟಕ್ಕೆ ಒಂಬತ್ತು ವರ್ಷಗಳ ಹಿಂದೆ ಹದಿಮೂರನೆಯ ದಿನ ಯಾರೋ ತಂದು ಹಾಕಿದ ಪ್ಲಾಸ್ಟಿಕ್ ಮಾಲೆಯೇ ಮೊನ್ನೆಯವರೆಗೆ ಇತ್ತು. ಚೌತಿಗೆ ಸುಣ್ಣ ಬಣ್ಣ ಆದಾಗ ಇಳಿಸಿ, ಸೋಪಿನ ನೀರಿನಲ್ಲಿ ಅದ್ದಿ, ಬಟ್ಟೆಯ ಹಗ್ಗಕ್ಕೆ ನೇತುಹಾಕಿ ಒಣಗಿಸಿ, ಮತ್ತೆ ಏರಿಸುತ್ತಿದ್ದೆ. ಬಿಸಿಲಿಗೆ ಅದರ ಕೆಂಪು ಬಣ್ಣ ಮಾಸಿ ಇಟ್ಟಿಗೆ ಬಣ್ಣವಾಗಿತ್ತು. ಪಟದ ಹಿಂದೆ ಜೇಡ ಕಟ್ಟಿದ ಗೂಡಿಗೆ ಅದರ ಎಸಳೊಂದು ಅಂಟಿಕೊಂಡಿತ್ತು. ಈ ವರ್ಷ ಮಹಾಲಯ ಅಮಾವಾಸ್ಯೆಯ ಹಿಂದಿನ ದಿನ ಸೊಸೆ ಮತ್ತು ಮೊಮ್ಮಗನನ್ನು ಕೂಡಿಸಿಕೊಂಡು ಹದಿನೈದು ಗೊಂಡೆ ಹೂವು ಮಾಡಿದೆ. ಮೂರು ಗಂಟೆ ಹಿಡಿಯಿತು. ಆ ಮೂರು ಗಂಟೆಯಲ್ಲಿ, ಅಜ್ಜ ಮೀನು ಪೇಟೆಗೆ ಹೋದರೆ ಚಿಲ್ಲರೆಗಾಗಿ ಜಗಳವಾಡದೆ ಬರುತ್ತಿರಲಿಲ್ಲ ಎಂಬುದು, ಬಂಗಡೆಯ ತಲೆಯನ್ನು ಬೇರೆ ಯಾರಿಗೂ ಬಿಡುತ್ತಿರಲಿಲ್ಲ ಎಂಬುದು, ಮೊಮ್ಮಗ ಹುಟ್ಟಿದ ಸುದ್ದಿ ಕೇಳಿ ಚಪ್ಪಲಿ ಹಾಕಿಕೊಳ್ಳದೆ ಆಸ್ಪತ್ರೆಗೆ ಓಡಿದ್ದು, ಎಲ್ಲವೂ ಮಾತಿಗೆ ಬಂದವು. ಅವನಿಗೆ ಆಗ ಎರಡು ವರ್ಷ ತುಂಬುವ ಮೊದಲೇ ಅವರು ಹೋದರು. ಅವನಿಗೆ ಅಜ್ಜನೆಂದರೆ ಆ ಪಟವೇ. ಪ್ಲಾಸ್ಟಿಕ್ ಮಾಲೆ ತೊಳೆಯುವಾಗ ನಾನು ಇದಾವುದನ್ನೂ ಯಾರಿಗೂ ಹೇಳಿರಲಿಲ್ಲ, ತೊಳೆಯಲು ಹತ್ತು ನಿಮಿಷ ಸಾಕಾಗುತ್ತಿತ್ತು.

ತಪ್ಪು ತಿಳಿಯಬಾರದು, ಶ್ರಾದ್ಧದ ಕ್ರಮಕ್ಕೆ ಕಾಗದವನ್ನು ಸೇರಿಸಿ ಎಂದು ನಾನು ಹೇಳುತ್ತಿಲ್ಲ. ಅಲ್ಲಿ ಎಳ್ಳು, ದರ್ಭೆ, ತುಳಸಿ ಏನೇನು ಬೇಕೋ ಅದೇ ಇರಲಿ, ಪುರೋಹಿತರ ಕೆಲಸದಲ್ಲಿ ನಾನು ಕೈ ಹಾಕುವವಳಲ್ಲ. ನಮ್ಮ ಮನೆಯಲ್ಲಿಯೂ ಹೂವುಗಳನ್ನು ಇಟ್ಟದ್ದು ಪಟದ ಕೆಳಗಿನ ಮೇಜಿನ ಮೇಲೆ, ಎಡೆಯ ಹತ್ತಿರ ಅಲ್ಲ. ಅಮಾವಾಸ್ಯೆ ಕಳೆದ ಮೂರನೆಯ ದಿನ ಅವನ್ನು ತೆಗೆದು ತೆಂಗಿನ ಬುಡಕ್ಕೆ ಹಾಕಿದೆವು. ತೆಗೆಯುವಾಗ ಮೊಮ್ಮಗನಿಗೆ ಬೇಸರವಾಯಿತು, ಮುಂದಿನ ವರ್ಷ ಮತ್ತೆ ಮಾಡುವುದಿದೆ ಎಂದೆ. ಮೆಕ್ಸಿಕೋದವರೂ ಹಾಗೆಯೇ ಪೀಠವನ್ನು ಕೆಲವು ದಿನದ ಮೇಲೆ ಎತ್ತಿ ಬಿಡುತ್ತಾರೆ. ವರ್ಷವಿಡೀ ಗೋಡೆಗೆ ತೂಗುಹಾಕುವ ಅಲಂಕಾರ ಅದಲ್ಲ.

ನಮ್ಮ ಕ್ರೈಸ್ತ ಬಂಧುಗಳಿಗಂತೂ ಈ ಹೂವು ಇನ್ನೂ ಹತ್ತಿರದ್ದು. ನವೆಂಬರ್ 2 ಅವರಿಗೂ ಸಕಲ ಮೃತರ ದಿನ. ನೆರೆಮನೆಯ ಹಿರಿಯ ಮಹಿಳೆಯೊಬ್ಬರ ಜೊತೆ ಹಲವು ವರ್ಷಗಳಿಂದ ನಾನು ಸಿಮೆಟ್ರಿಗೆ ಹೋಗುತ್ತಿದ್ದೇನೆ. ಮಂಡಿ ನೋವಿನಿಂದ ಅವರಿಗೆ ಬಗ್ಗಲು ಆಗದ್ದರಿಂದ ಹುಲ್ಲು ಕೀಳುವ, ಕಲ್ಲು ತೊಳೆಯುವ ಕೆಲಸ ನನ್ನದು. ಮೇಣದ ಬತ್ತಿ ಹಚ್ಚಿ, ಹೂವಿಟ್ಟು, ಪಾದ್ರಿಗಳು ಸಮಾಧಿಗಳಿಗೆ ತೀರ್ಥ ಪ್ರೋಕ್ಷಿಸುತ್ತ ಬರುವ ತನಕ ಕಾಯುತ್ತೇವೆ. ಮೊದಲು ಎಲ್ಲರೂ ಹಿತ್ತಲಿನ ಗೊಂಡೆಯನ್ನೇ ತರುತ್ತಿದ್ದರು. ಈಚೆಗೆ ಪ್ಲಾಸ್ಟಿಕ್ ಹೂಗುಚ್ಛಗಳು ಹೆಚ್ಚಿ, ಮುಂದಿನ ವರ್ಷ ಹೋದಾಗ ಹಿಂದಿನ ವರ್ಷದ ಗುಚ್ಛ ಅಲ್ಲಿಯೇ ಕೆಸರು ಮೆತ್ತಿಕೊಂಡು ಬಿದ್ದಿರುತ್ತದೆ, ಗಾಳಿಗೆ ಹಾರಿದ್ದು ಬೇರೆಯವರ ಸಮಾಧಿಯ ಮೇಲೆ. ಕಳೆದ ಬಾರಿ ನಾನು ಮಾಡಿಕೊಟ್ಟ ಆರು ಕಾಗದದ ಹೂವುಗಳನ್ನು ಆ ಹಿರಿಯರು ತಮ್ಮ ಗಂಡನ ಶಿಲುಬೆಗೆ ಕಟ್ಟಿದರು. ಸಂಜೆ ಮಳೆ ಬಂದು ಹೂವುಗಳೆಲ್ಲ ಮುದ್ದೆಯಾದವು, ಕಲ್ಲಿನ ಮೇಲೆ ಕಿತ್ತಳೆ ಗೆರೆ ಇಳಿಯಿತು. ನನಗೆ ನಾಚಿಕೆಯಾಯಿತು. ಅವರು ಮಾತ್ರ, "ಇರಲಿ ಬಿಡಿ ಬಾಯಿ, ಒಂದು ದಿನ ಇತ್ತಲ್ಲ" ಎಂದರು. ಮೇಣದ ಉಪಾಯವನ್ನು ನಾನು ಹುಡುಕಿಕೊಂಡದ್ದು ಅದಾದ ಮೇಲೆ.

ಶಾಲೆಗಳಲ್ಲಿ ಈ ಹೂವನ್ನು ಕಲಿಸುವವರಿಗೆ ನನ್ನ ಕೋರಿಕೆ ದೊಡ್ಡದೇನಲ್ಲ. ಕಾಗದ ಹಂಚುವ ಮೊದಲು, ನಿಮ್ಮ ಮನೆಯಲ್ಲಿ ಯಾರನ್ನು ನೆನೆಸಿಕೊಂಡು ಮಾಡುತ್ತೀರಿ ಎಂದು ಮಕ್ಕಳನ್ನು ಕೇಳಬೇಕು. ಹೇಳಲು ಇಷ್ಟವಿಲ್ಲದವರನ್ನು ಒತ್ತಾಯಿಸಬಾರದು. ಸಾಕಿದ ನಾಯಿಯ ಹೆಸರು ಹೇಳುವ ಮಗುವೂ ಇರುತ್ತದೆ, ಅದನ್ನು ನಗಬಾರದು. ಈಚೆಗೆ ಯಾರನ್ನಾದರೂ ಕಳೆದುಕೊಂಡ ಮಗು ಮಾಡುತ್ತ ಮಾಡುತ್ತ ಅತ್ತರೆ ಗಾಬರಿಯಾಗದೆ ಪಕ್ಕದಲ್ಲಿ ಕುಳಿತುಕೊಳ್ಳುವ ಒಬ್ಬ ಶಿಕ್ಷಕಿ ಅಲ್ಲಿರಬೇಕು. ಅಂಕ, ಬಹುಮಾನ, ಕಪ್ಪು ಪರದೆ ಯಾವುದೂ ಬೇಡ. ಮತ್ತು ಹೂವು ಮಗುವಿನ ಜೊತೆ ಅದೇ ದಿನ ಮನೆಗೆ ಹೋಗಬೇಕು. ಪ್ರದರ್ಶನ ಬೇಕೇ ಬೇಕೆಂದರೆ ಶಿಕ್ಷಕರು ತಾವು ಮಾಡಿದ್ದನ್ನು ಇಟ್ಟುಕೊಳ್ಳಲಿ. ಅಂದು ಆ ಹುಡುಗಿ ಬಿಟ್ಟುಹೋದ ಹೂವನ್ನು ಎಲ್ಲರೂ ಚಹಾಕ್ಕೆ ಹೋದಾಗ ನಾನು ಕೈಚೀಲಕ್ಕೆ ಹಾಕಿಕೊಂಡು ಬಂದೆ ಎಂಬುದನ್ನು ಒಪ್ಪಿಕೊಳ್ಳುತ್ತೇನೆ. ಅವಳ ಊರನ್ನು ವಿಚಾರಿಸಿ, ಬಸ್ಸಿನ ಕಂಡಕ್ಟರ್ ಮೂಲಕ ಎರಡು ದಿನದ ಮೇಲೆ ಮನೆಗೆ ತಲುಪಿಸಿದೆ. ಎಡಬದಿಯ ಹರಿದ ಎಸಳುಗಳನ್ನು ಸರಿಮಾಡಲು ಕೈ ತುರಿಸಿತು, ಆದರೆ ಮುಟ್ಟಲಿಲ್ಲ.

ತಾವು ತಿದ್ದುಪಡಿ ಪ್ರಕಟಿಸುವುದಾದರೆ, ಮಡಿಸುವ, ಕಟ್ಟುವ, ಕತ್ತರಿಸುವ, ಬಿಡಿಸುವ ಕ್ರಮವನ್ನು ಅದೇ ಅನುಕ್ರಮದಲ್ಲಿ ಚಿತ್ರಗಳೊಂದಿಗೆ ಅಚ್ಚು ಮಾಡಬೇಕೆಂದು ಕೋರುತ್ತೇನೆ. ಪೆನ್ಸಿಲಿನಲ್ಲಿ ಬರೆದ ಐದು ರೇಖಾಚಿತ್ರಗಳನ್ನು ಜೊತೆಗೆ ಕಳುಹಿಸಿದ್ದೇನೆ. ಲಕೋಟೆಯಲ್ಲಿ ಒಂದು ಹೂವನ್ನೂ ಇಟ್ಟಿದ್ದೇನೆ. ಅಂಚೆಯಲ್ಲಿ ಅದು ಚಪ್ಪಟೆಯಾಗಿ ತಲುಪಿದ್ದರೆ ಕೆಟ್ಟಿತೆಂದು ಎಸೆಯಬೇಡಿ. ಮೇಲಿನ ಹಳದಿ ಹಾಳೆಯಿಂದ ಶುರುಮಾಡಿ, ತುದಿ ಹಿಡಿದು ಎಳೆಯದೆ, ಬುಡದಿಂದ ಒಂದೊಂದಾಗಿ ಎತ್ತಿದರೆ ಬಿಡಿಸಿಕೊಳ್ಳುತ್ತದೆ.

ಇಂತಿ ತಮ್ಮ ಓದುಗಾರ್ತಿ,
ನಿವೃತ್ತ ಕರಕುಶಲ ಶಿಕ್ಷಕಿ,
ಕಾರವಾರ